ತಾರಸಿಯ ತಾಪತ್ರಯ

2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ತಾಪವನ್ನು ಕಂಡ ಬೆಂಗಳೂರಿನಲ್ಲಿ, ಅದರಲ್ಲಿಯೂ ಮರಗಳಿಗಿಂತ ಮಹಡಿಗಳೇ ಶೀಘ್ರವಾಗಿ ಬೆಳೆಯುವ ವಿಜಯನಗರದಲ್ಲಿ, ತಾರಸಿಯ ಕಾವಿಗೆ ಉಪಶಮನವನ್ನು ಅರಸುತ್ತಿದ್ದ ರಾಯರಿಗೂ, ಬಿಳಿ ಬಣ್ಣದ ಡಬ್ಬಿಯನ್ನು ಹೊತ್ತು ಮಧ್ಯಾಹ್ನಕ್ಕೆ ಆಗಮಿಸಿದ ಮೇಸ್ತ್ರಿಗೂ ನಡೆದ ಸಂವಾದವಿದು.

"ಇಷ್ಟು ವಿಳಂಬವೇಕಯ್ಯಾ? ಭೂಮಿ ಕಾಯುತ್ತಿದೆಯೆಂದು ಯಾರಾದರೂ ರಸ್ತೆತಡೆ ನಡೆಸಿದರೋ?"

"ಎಲ್ಲಿ ಸ್ವಾಮಿ! ಭೂಮೀನೂ ಕಾಯ್ತಾ ಇದೆ, ಸಿಗ್ನಲ್ಲಲ್ಲಿ ನಾವೂ ಕಾಯ್ತಾ ಇದ್ದೀವಿ. ಧರಣಿಗೆ ಈಗ ಫ್ರೀಡಂ ಪಾರ್ಕು ಬಿಟ್ರೆ ಜಾಗ ಇಲ್ಲ."

"ಯುಕ್ತವೇ. 2021ರ ಆಜ್ಞೆಯುಂಟು. ಈಗ ಆ ಪಾರ್ಕಾಗಿರುವ ಹಳೆಯ ಸೆಂಟ್ರಲ್ ಜೈಲಿನ ಆವರಣದಲ್ಲಿ ಸ್ವತಂತ್ರವಾಗಿ ಕೂಗಲಿ. ನಾಗರಿಕರ ಸಂಚಾರಕ್ಕೆ ಭಂಗವಾಗಬಾರದಷ್ಟೆ."

"ಹೌದು ಸ್ವಾಮಿ. ಮಾಗಡಿ ರಸ್ತೆ ಮಾತ್ರ ದಿನಾ ಪರ್ಮಿಷನ್ನೇ ಇಲ್ದೆ ಧರಣಿ ಕೂರುತ್ತೆ."

"ಅದಿರಲಿ. ಈ ಬಣ್ಣದಿಂದ ಬಿಸಿಲು ಏನಾಗುವುದು?"

"ಬಂದ ದಾರೀಲಿ ವಾಪಸ್ ಹೋಗುತ್ತೆ."

"ನನ್ನ ಹಣ ಹೋಗುವಂತೆಯೋ? ತಾರಸಿಯೇನೋ ನನ್ನದು, ಆದರೆ ಅದರ ಕೆಳಗೆ ಬೇಯುತ್ತಿರುವವನು ಬಾಡಿಗೆದಾರ. ಪರರ ಶೈತ್ಯಕ್ಕೆ ನಾನೇಕೆ ವ್ಯಯಿಸಲಿ?"

"ಅವರು ಆಗ್ಲೇ ಏಸಿ ಹಾಕ್ಸಿದ್ದಾರೆ ಸ್ವಾಮಿ. ಅದರ ಬಿಸಿಗಾಳಿ ನಿಮ್ಮ ಪೂಜೆ ಕೋಣೆ ಕಿಟಕಿಗೇ ಹೊಡೀತಿದೆ. ತಾರಸಿ ಬಿಟ್ಟು ಆ ಕಿಟಕಿಗೇ ಬಣ್ಣ ಬಳೀಲಾ?"