ತೌಲನಿಕ ತರಕಾರಿ ಮೀಮಾಂಸೆ: ನ್ಯೂಜೆರ್ಸಿ ಕಾಂಡ

ಅಮೆರಿಕಕ್ಕೆ ಬಂದಿಳಿದ ಕನ್ನಡಿಗರ ದಿನಸಿ ಚಿಂತನೆಯಲ್ಲಿ ಎರಡು ಪಂಥಗಳಿವೆ. ಮೊದಲನೆಯವರು ಗುಣಾಕಾರವಾದಿಗಳು. ಗುಣಾಕಾರವಾದಿಯು ಎಡಿಸನ್ನಿನ ಓಕ್ ಟ್ರೀ ರಸ್ತೆಯ ಅಂಗಡಿಯಲ್ಲಿ ಬೆಂಡೆಕಾಯಿಯ ಬೆಲೆ ಓದಿ, 453.6 ಗ್ರಾಮಿನ ಪೌಂಡನ್ನು ಕಿಲೋಗೆ ಏರಿಸಿ, ಡಾಲರನ್ನು ರೂಪಾಯಿಗೆ ಇಳಿಸಿ, ಕಡೆಗೆ ಬೆಂಡೆಕಾಯಿಯನ್ನೂ ಕೈಯಿಂದ ಇಳಿಸುತ್ತಾನೆ. ಎರಡನೆಯವರು ಸಂಬಳವಾದಿಗಳು. “ದುಡಿಯೋದು ಡಾಲರಲ್ಲಿ, ಅಳೋದು ಮಾತ್ರ ರೂಪಾಯಲ್ಲಾ?” ಎಂಬುದು ಇವರ ಮಹಾವಾಕ್ಯ. ಗಂಡ ಒಂದು ಪಂಥ, ಹೆಂಡತಿ ಇನ್ನೊಂದಾದರೆ ಬಿಲ್ಲಿಂಗ್ ಕೌಂಟರಿನ ಮುಂದೆ ವಾಕ್ಯಾರ್ಥಗೋಷ್ಠಿ ನಡೆಯುವುದುಂಟು.

ಈ ಜಗಳಕ್ಕೆ ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುಸ್ತಾವ್ ಕ್ಯಾಸೆಲ್ 1918ರಲ್ಲೇ ‘ಕೊಳ್ಳುವ ಶಕ್ತಿಯ ಸಮಾನತೆ’ ಎಂದು ಗಂಭೀರವಾದ ಹೆಸರಿಟ್ಟಿದ್ದಾನೆ. 1986ರಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆ ಬಿಗ್ ಮ್ಯಾಕ್ ಬರ್ಗರನ್ನು ಇದಕ್ಕೆ ಅಳತೆಗೋಲು ಮಾಡಿತು. ಭಾರತದ ಲೆಕ್ಕಕ್ಕೆ ದನದ ಮಾಂಸ ಒಗ್ಗದೆ ಕೋಳಿಯ ಮಹಾರಾಜ ಮ್ಯಾಕ್ ಬಂತು. ಬಸವನಗುಡಿಯವರಿಗೆ ಅದೂ ಒಗ್ಗದು. ಆದ್ದರಿಂದ ಪ್ರಸ್ತುತ ಲೇಖಕನು ಕರಿಬೇವಿನ ಸೂಚ್ಯಂಕವನ್ನು ಮಂಡಿಸುತ್ತಾನೆ.

ಗಾಂಧಿಬಜಾರಿನಲ್ಲಿ ಕರಿಬೇವು ಕೊಸರು. ತರಕಾರಿ ಕೊಂಡವರ ಚೀಲಕ್ಕೆ ತಾನಾಗಿ ಬಂದು ಬೀಳುವಂಥದ್ದು. ಅಮೆರಿಕದಲ್ಲೋ, ನಿಂಬೆ ಕಿತ್ತಳೆಗಳಿಗೆ ರೋಗ ಹರಡುವ ಪುಟ್ಟ ಕೀಟವೊಂದು ಈ ಎಲೆಯ ಮೇಲೂ ಬಾಳುವುದರಿಂದ ಎಲೆಯ ಓಡಾಟಕ್ಕೆ ಕಟ್ಟುಪಾಡುಗಳಿವೆ. ಆ ರೋಗ 2005ರಲ್ಲಿ ಫ್ಲಾರಿಡಾದ ತೋಟಗಳಲ್ಲಿ ಕಾಣಿಸಿಕೊಂಡಿತು. ಹೀಗಾಗಿ ಇಲ್ಲಿ ನಾಲ್ಕು ಕಡ್ಡಿಗೂ ಪ್ಲಾಸ್ಟಿಕ್ ಪೊಟ್ಟಣ, ಪೊಟ್ಟಣಕ್ಕೆ ಡಾಲರು. ಈ ಡಾಲರನ್ನು ಊರಿನ ಬೆಲೆಯಾದ ಸೊನ್ನೆಯಿಂದ ಭಾಗಿಸಿದರೆ ಬರುವುದು ಅನಂತ. ಸಂಬಳವಾದಿಗಳು ಇಲ್ಲಿ ಮೌನ ತಾಳುತ್ತಾರೆ. ಅನಂತಕ್ಕೆ ಸಾಲುವ ಸಂಬಳವನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ.

ಪೂರ್ವಪಕ್ಷ: ಈಗ ಬೆಂಗಳೂರಿನಲ್ಲೂ ಕರಿಬೇವಿಗೆ ಕಾಸು ಕೇಳುತ್ತಾರಲ್ಲ? ಸಮಾಧಾನ: ಕೇಳಲಿ. ವೀಸಾ ಮುದ್ರೆ ಬಿದ್ದ ದಿನವೇ ವಲಸಿಗನ ಊರಿನ ಬೆಲೆಪಟ್ಟಿಗೂ ಮುದ್ರೆ ಬಿದ್ದಿರುತ್ತದೆ. ಹಣದುಬ್ಬರ ನೆನಪಿಗೆ ಅನ್ವಯಿಸುವುದಿಲ್ಲ.

ಇನ್ನು ಗುಣಮಟ್ಟ. ಇಲ್ಲಿನ ಹಾಲನ್ನು ಹೋಮೊಜಿನೈಸ್ ಮಾಡಿ ಕೊಬ್ಬಿನ ಕಣಗಳನ್ನು ಒಡೆದಿರುತ್ತಾರೆ; ಎಷ್ಟು ಕಾಯಿಸಿದರೂ ಊರಿನ ದಪ್ಪ ಕೆನೆ ಕಟ್ಟದು. ಟೊಮೇಟೊ ನೋಡಲು ಚೆಂದ, ಸಾರಿಗೆ ಹುಣಸೆಹಣ್ಣು ತಪ್ಪಿದ್ದಲ್ಲ. ಬದನೆಯಲ್ಲಿ ಹುಳವಿಲ್ಲ ಎಂಬುದು ಗುಣವೋ ದೋಷವೋ ಎನ್ನುವಲ್ಲಿ ಮತಭೇದವಿದೆ. ಹುಳವೇ ಮುಟ್ಟದ್ದನ್ನು ನಾವ್ಯಾಕೆ ತಿನ್ನಬೇಕು ಎಂಬುದು ಮೈಸೂರಿನಿಂದ ಬಂದಿದ್ದ ಅತ್ತೆಯವರ ಪ್ರಶ್ನೆ. ಇದಕ್ಕೆ ಉತ್ತರ ಕೊಟ್ಟ ಅಳಿಯ ಇನ್ನೂ ಹುಟ್ಟಿಲ್ಲ.

ಗುಣಾಕಾರವಾದ ಒಮ್ಮೆ ಮಾತ್ರ ಪೂರ್ತಿ ಸೋತಿದೆ. 2023ರ ಜುಲೈ 20ರಂದು ಭಾರತ ಬಾಸುಮತಿಯೇತರ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದ ಸುದ್ದಿ ಬಂದದ್ದೇ ತಡ, ಇಂಡಿಯನ್ ಸ್ಟೋರುಗಳ ಮುಂದೆ ಸಾಲು. ಸೋನಾ ಮಸೂರಿಯ ಇಪ್ಪತ್ತು ಪೌಂಡಿನ ಚೀಲ ಕಾರಿನ ಡಿಕ್ಕಿಗೆ ಏರುವಾಗ ಯಾರ ಬಾಯಲ್ಲೂ ಮಗ್ಗಿ ಇರಲಿಲ್ಲ.

ರಜೆಗೆ ಬೆಂಗಳೂರಿಗೆ ಬಂದ ಗುಣಾಕಾರವಾದಿ ಭಾಗಾಕಾರವಾದಿಯಾಗುವುದು ಈ ದರ್ಶನದ ಉತ್ತರಕಾಂಡ. ಗಾಂಧಿಬಜಾರಿನಲ್ಲಿ ಬೆಂಡೆಕಾಯಿಗೆ ಹೇಳಿದ ಬೆಲೆಯನ್ನು ಡಾಲರಿನ ದರದಿಂದ ಭಾಗಿಸಿ, “ಅಷ್ಟೇನಾ?” ಎಂದು ನೋಟು ಚಾಚುತ್ತಾನೆ. ಹಿಂದೆ ನಿಂತ ಹೆಂಗಸು, “ನಿಮ್ಮಂಥೋರಿಂದ್ಲೇ ರೇಟ್ ಏರೋದು” ಎಂದು ಗದರಿ, ಅದೇ ಬೆಂಡೆಕಾಯಿಯನ್ನು ಚೌಕಾಸಿ ಮಾಡಿ ಅರ್ಧ ಬೆಲೆಗೆ ಕೊಂಡರು. ಅವರಿಗೆ ಕರಿಬೇವು ಪುಕ್ಕಟೆ. ಸಂಶೋಧಕನಿಗೆ ಹತ್ತು ರೂಪಾಯಿ.