ಮೋರಿಕಟ್ಟೆಯ ಮಹನೀಯರಿಗೆ

ಸಂಜೆ ಏಳರ ಮೇಲೆ ಬಾಳಗಡಿ ಸುತ್ತಿನ ಮೋರಿಕಟ್ಟೆಗಳನ್ನು ಅಲಂಕರಿಸುವ ಮಹನೀಯರೇ,

ಹೆಸರು ಹಿಡಿದೇ ಬರೆಯಬಹುದಿತ್ತು. ನೀವು ಯಾರ ಮನೆಯವರು, ಯಾರ ಬೈಕಿನಲ್ಲಿ ಬರುತ್ತೀರಿ, ಎಷ್ಟನೇ ಪ್ಯಾಕೆಟ್ಟಿಗೆ ಹಾಡು ಶುರು ಮಾಡುತ್ತೀರಿ ಎಂಬುದೆಲ್ಲ ಊರಿಗೆ ಗೊತ್ತು. ಆದರೆ ಬಾಯಿ ಬಿಡುವಂತಿಲ್ಲ. ನಾಳೆ ಕೊನೆ ಕೊಯ್ಯಲು ನಿಮ್ಮನ್ನೇ ಕರೆಯಬೇಕು, ನಾಡಿದ್ದು ನಿಮ್ಮ ತಂಗಿಯ ಮದುವೆ ಊಟಕ್ಕೆ ನಾವೇ ಬರಬೇಕು. ಸಾಲದ್ದಕ್ಕೆ ನಿಮ್ಮಲ್ಲೊಬ್ಬರ ದೊಡ್ಡಪ್ಪ ಸೊಸೈಟಿಯಲ್ಲಿ ಡೈರೆಕ್ಟರು.

ಹಾಗಾಗಿ ಮೋರಿಯಡಿಯ ಕಸದ ಬಗ್ಗೆ ಊರಿನಲ್ಲಿ ಸರ್ವಾನುಮತದ ಅಭಿಪ್ರಾಯವೊಂದು ಚಾಲ್ತಿಯಲ್ಲಿದೆ: ಅದೆಲ್ಲ ಟೂರಿಸ್ಟರ ಕೆಲಸ. ಶೃಂಗೇರಿ, ಹೊರನಾಡು ಮುಗಿಸಿ, ಸಿರಿಮನೆ ಜಲಪಾತದಲ್ಲಿ ಮೈ ತೋಯಿಸಿಕೊಂಡು ಹೋಗುವ ಬೆಂಗಳೂರಿನ ಕಾರುಗಳು ಚಿಪ್ಸ್ ಪ್ಯಾಕೆಟ್ಟನ್ನೂ ಮಗುವಿನ ಡೈಪರನ್ನೂ ನಮ್ಮ ಪಾಲಿಗೆ ಬಿಟ್ಟು ಹೋಗುತ್ತವೆ, ಸುಳ್ಳಲ್ಲ. ಆದರೆ ಮೊನ್ನೆ ಮೋರಿಯ ಕೆಳಗೆ ಬಗ್ಗಿ ನೋಡಿದೆ. ತೊಂಬತ್ತು ಎಂ.ಎಲ್.ನ ಟೆಟ್ರಾ ಪ್ಯಾಕುಗಳು ರಾಶಿ ಬಿದ್ದಿದ್ದವು, ಎಲ್ಲವೂ ಒಂದೇ ಮೂಲೆಗೆ ಹಲ್ಲಿನಿಂದ ಕಚ್ಚಿದವು. ಪಕ್ಕದಲ್ಲಿ ನೆಕ್ಕಿ ಬಿಸಾಡಿದ ಉಪ್ಪಿನಕಾಯಿ ಸ್ಯಾಚೆ. ಶಾರದಾಂಬೆಯ ದರ್ಶನಕ್ಕೆಂದು ಮುನ್ನೂರು ಕಿಲೋಮೀಟರು ಇನ್ನೋವಾ ಓಡಿಸಿಕೊಂಡು ಬಂದವನು ಇಲ್ಲಿ ಇಳಿದು, ತೊಂಬತ್ತರ ಪ್ಯಾಕೆಟ್ ಕಚ್ಚಿ, ಉಪ್ಪಿನಕಾಯಿ ನೆಕ್ಕಿ ಹೋಗುತ್ತಾನೆ ಎಂದು ನಂಬಲು ನಮ್ಮಂಥ ಸಂಭಾವಿತರೇ ಆಗಬೇಕು.

ನೀವು ಕುಡಿಯುವುದಕ್ಕೆ ನನ್ನ ತಕರಾರಿಲ್ಲ. ನಮ್ಮ ಕಡೆಯ ಮಳೆ ಎಂತೆಂಥವರ ವ್ರತವನ್ನು ಕೆಡಿಸಿಲ್ಲ! ಮೇಲಾಗಿ ನಿಮ್ಮದು ದೇಶಸೇವೆ. 2025-26ರ ಬಜೆಟ್ಟಿನಲ್ಲಿ ನಮ್ಮ ಸರ್ಕಾರ ಅಬಕಾರಿಯಿಂದ 40,000 ಕೋಟಿ ರೂಪಾಯಿ ನಿರೀಕ್ಷಿಸಿತ್ತು. ಗ್ಯಾರಂಟಿ ಯೋಜನೆಯ ಬಸ್ಸಿನಲ್ಲಿ ನಿಮ್ಮ ಅಮ್ಮ ಟಿಕೆಟ್ಟಿಲ್ಲದೆ ಹೋಗಿ ಬರುತ್ತಿದ್ದರೆ ಅದರ ಒಂದು ಚಕ್ರವನ್ನಾದರೂ ನೀವು ತಳ್ಳಿದ್ದೀರಿ. ಸೈಲೆನ್ಸರ್ ಕಿತ್ತ ಬೈಕನ್ನು ರಾತ್ರಿ ಹನ್ನೊಂದಕ್ಕೆ ಓಡಿಸಿ ಹಾಸಿಗೆ ಹಿಡಿದ ಮುದುಕರನ್ನು ಎಬ್ಬಿಸುವುದನ್ನೂ ಆರೋಗ್ಯ ಸೇವೆ ಎಂದೇ ಬರೆದುಕೊಳ್ಳೋಣ. ನನಗೆ ಅರ್ಥವಾಗದ್ದು ಒಂದೇ: ಪ್ಯಾಕೆಟ್ ಸಿಗದ ದಿನ ಬಾಟಲಿ ತರುತ್ತೀರಲ್ಲ, ಅದನ್ನು ಒಡೆಯುವುದು ಯಾಕೆ ಮಾರಾಯ್ರೆ? ಖಾಲಿ ಬಾಟಲಿಯನ್ನು ಕಟ್ಟೆಯ ಮೇಲೇ ಬಿಟ್ಟರೆ ಬೆಳಿಗ್ಗೆ ಗುಜರಿಯವನು ಎತ್ತಿಕೊಂಡು ಹೋಗುತ್ತಾನೆ. ಒಡೆದ ಗಾಜನ್ನು ಅವನೂ ಮುಟ್ಟುವುದಿಲ್ಲ.

ಅದನ್ನು ಮುಟ್ಟುವವರು ಬೇರೆ ಇದ್ದಾರೆ. ಮೋರಿಯ ನೀರು ರಸ್ತೆ ಕೆಳಗಿನ ಅಡಿಕೆ ತೋಟದ ಕಪ್ಪಿಗೆ, ಅಂದರೆ ಬಸಿಗಾಲುವೆಗೆ ಇಳಿಯುತ್ತದೆ, ಜೊತೆಗೆ ನಿಮ್ಮ ಗಾಜೂ ಇಳಿಯುತ್ತದೆ. ಮಳೆಗಾಲದ ಮೊದಲು ಕಪ್ಪು ಎತ್ತುವ ಹೆಂಗಸರು ಕೆಸರಿಗೆ ಇಳಿಯುವುದು ಬರಿಗಾಲಿನಲ್ಲಿ. ಹಾವಿದ್ದರೆ ಸರಿದು ಹೋಗುತ್ತದೆ, ಇಂಬಳ ಹತ್ತಿದರೆ ಸುಣ್ಣ ಹಚ್ಚಿದರಾಯಿತು. ಗಾಜು ಹಾಗಲ್ಲ. ಹಿಮ್ಮಡಿ ಸೀಳಿದವಳೊಬ್ಬಳು ಮಣ್ಣು ಮೆತ್ತಿದ ಸೀರೆಯ ಸೆರಗನ್ನೇ ಹರಿದು ಕಟ್ಟಿಕೊಂಡು, ಒಂಟಿ ಕಾಲಿನಲ್ಲಿ ಕುಂಟುತ್ತ ದಣಪೆ ದಾಟಿ ರಸ್ತೆಗೆ ಬಂದು, ಸಿಕ್ಕಿದ ಪಿಕಪ್ಪಿಗೆ ಕೈ ಮಾಡಿದ್ದನ್ನು ನೋಡಿದ್ದೇನೆ. ಟಿಟಿ ಇಂಜೆಕ್ಷನ್, ಹೊಲಿಗೆ, ಗಾಯ ಮಾಯುವವರೆಗೆ ಕೂಲಿಯಿಲ್ಲ. ಆಕೆ ನಿಮ್ಮಲ್ಲೇ ಒಬ್ಬರ ಚಿಕ್ಕಮ್ಮ. ಗಾಯ ನೋಡಲು ನೀವು ಹಣ್ಣು ಹಿಡಿದುಕೊಂಡು ಹೋದಿರಂತೆ. ‘ಈ ಟೂರಿಸ್ಟರಿಗೆ ಬುದ್ಧಿಯಿಲ್ಲ’ ಎಂದು ಅಲ್ಲಿ ಬೈದವರೂ ನೀವೇ ಅಂತೆ.

ಕಾನೂನಿನ ಭಯ ಹುಟ್ಟಿಸೋಣವೆಂದರೆ ಕಾನೂನೇ ನಿಮ್ಮ ಹೆಗಲ ಮೇಲೆ ಕೈ ಹಾಕಿಕೊಂಡು ಬಂದಿದೆ. 1860ರ ಭಾರತೀಯ ದಂಡ ಸಂಹಿತೆಯ 510ನೇ ಕಲಂ ಪ್ರಕಾರ ಕುಡಿದು ಸಾರ್ವಜನಿಕ ಜಾಗದಲ್ಲಿ ಕಿರಿಕಿರಿ ಮಾಡಿದವನಿಗೆ ಹೆಚ್ಚೆಂದರೆ 24 ಗಂಟೆ ಸೆರೆ ಅಥವಾ 10 ರೂಪಾಯಿ ದಂಡ, ಇಲ್ಲವೇ ಎರಡೂ ಆಗುತ್ತಿತ್ತು. ಬ್ರಿಟಿಷರು ಹೋದರು, ಅಡಿಕೆ ದರ ಎಷ್ಟು ಸಲ ಏರಿ ಇಳಿಯಿತೋ, ಆ ಹತ್ತು ರೂಪಾಯಿ ಮಾತ್ರ ಕದಲಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಂ ದಂಡವನ್ನು 1,000 ರೂಪಾಯಿಗೆ ಏರಿಸಿದೆ. ಇಷ್ಟು ವರ್ಷ ಇಲ್ಲದ ಇನ್ನೊಂದು ಶಿಕ್ಷೆಯನ್ನೂ ಸೇರಿಸಿದೆ, ಸಮುದಾಯ ಸೇವೆ. ಓದಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಮೋರಿ. ಆದರೆ ದೂರು ಕೊಡುವವರು ಯಾರು? ನಿಮ್ಮ ದೊಡ್ಡಪ್ಪನೇ?

ನೀಲಗಿರಿಯವರು ದೊಡ್ಡಪ್ಪಂದಿರನ್ನು ಕೇಳುತ್ತ ಕೂರಲಿಲ್ಲ. ಮದ್ರಾಸ್ ಹೈಕೋರ್ಟು ಗದರಿದ ಮೇಲೆ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳು 2022ರಿಂದ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಹಿಡಿದುಕೊಂಡು, ಖಾಲಿ ಬಾಟಲಿ ತಂದವರಿಗೆ ಅದನ್ನು ವಾಪಸು ಕೊಡುತ್ತಿವೆ. ಒಡೆದ ಗಾಜು ಕಾಡುಪ್ರಾಣಿಗಳ ಕಾಲು ಸೀಳುತ್ತದೆ ಎಂಬುದು ಅಲ್ಲಿನ ಚಿಂತೆ. ಆನೆಗಳು ನಮ್ಮ ಎನ್.ಆರ್.ಪುರದ ಕಡೆಯೂ ಓಡಾಡುತ್ತವೆ. ಕಪ್ಪು ಎತ್ತುವ ಹೆಂಗಸರಿಗಾಗಿ ಆಗದ ಕೆಲಸ ಆನೆಗಾಗಿಯಾದರೂ ಆದೀತೆಂಬ ಆಸೆ ನನಗಿದೆ. ಹತ್ತು ರೂಪಾಯಿ ಸಿಗುವುದಾದರೆ ಬಾಟಲಿ ಒಡೆಯಲು ನಿಮಗೇ ಮನಸ್ಸು ಬಾರದು.

ಸದ್ಯಕ್ಕೆ ನಿಮ್ಮ ಪ್ಯಾಕೆಟ್ಟುಗಳು ಹಳ್ಳ ಹಿಡಿದು ತುಂಗೆಯತ್ತ ಹೊರಟಿವೆ, ಎನ್.ಆರ್.ಪುರದ ನಿಮ್ಮ ಸ್ನೇಹಿತರವು ಭದ್ರೆಯತ್ತ. ಎರಡು ನದಿಗಳೂ ಕೂಡಲಿಯಲ್ಲಿ ಕೂಡುತ್ತವಲ್ಲ, ಇವೂ ಅಲ್ಲಿ ಭೇಟಿಯಾಗಲಿ ಎಂದರೆ ಒಂದಕ್ಕೆ ಗಾಜನೂರು ಅಣೆಕಟ್ಟೆ ಅಡ್ಡ, ಇನ್ನೊಂದಕ್ಕೆ ಲಕ್ಕವಳ್ಳಿಯದು. ಪಾಪ.

ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಮೋರಿ ಗುಡಿಸುವುದೆಂದು ಕೆಲವರು ಮಾತಾಡಿಕೊಂಡಿದ್ದೇವೆ. ಹಾರೆ, ಗೋಣಿಚೀಲ ನಮ್ಮದು. ಕಾಫಿ, ಕಡುಬೂ ಉಂಟು. ನೀವು ಬಂದರೆ ಯಾರೂ ಏನೂ ಕೇಳುವುದಿಲ್ಲ. ಟೂರಿಸ್ಟರನ್ನು ಬೈಯುತ್ತಲೇ ಹೆಕ್ಕೋಣ.

ಇತಿ,
ಮೋರಿಯ ಕೆಳಗಿನ ತೋಟದವನು

ವಿ.ಸೂ.: ಈ ಪತ್ರದ ಒಂದು ಪ್ರತಿಯನ್ನು ಕಟ್ಟೆಯ ಮೇಲೆ ಕಲ್ಲು ಹೇರಿ ಇಟ್ಟಿದ್ದೇನೆ. ಮಳೆಗೆ ನೆನೆಯಬಾರದೆಂದು ಪ್ಲಾಸ್ಟಿಕ್ ಕವರಿಗೆ ಹಾಕಬೇಕಾಯಿತು. ಕವರು ಒಂದೂವರೆ ರೂಪಾಯಿಯದು, ವಾಪಸು ತಂದವರಿಗೆ ಎರಡು ರೂಪಾಯಿ ಕೊಡುತ್ತೇನೆ.