ಲಡಾಖ್ ಧೂಳಿನ ರೈಡರಣ್ಣ

ಬೆಂಗಳೂರಿನ ರೈಡರಣ್ಣನಿಗೆ ಲಡಾಖ್ ಪ್ರವಾಸದ ಅತಿ ಕಷ್ಟದ ದಿನ ಯಾವುದೆಂದರೆ ಕೊನೆಯದು. ಹುಬ್ಬಳ್ಳಿಯಿಂದ ಮನೆಗೆ ನಾನೂರು ಚಿಲ್ಲರೆ ಕಿಲೋಮೀಟರ್. ಅಷ್ಟರೊಳಗೆ ಯಾರಾದರೂ ಒಬ್ಬರು 'ಎಲ್ಲಿಂದ ಬರ್ತಿದೀರಿ ಸಾರ್?' ಅಂತ ಕೇಳಲೇಬೇಕು. ನಾಳೆ ಆಫೀಸಿಗೆ ಹೋದರೆ ಅವನೂ ಹತ್ತರಲ್ಲಿ ಹನ್ನೊಂದನೆಯವನು.

ಕೇಳಲಿ ಎಂದು ಮಾಡಿಕೊಂಡ ಏರ್ಪಾಡೇನು ಕಡಿಮೆಯೇ? ಹ್ಯಾಂಡಲ್ಲಿಗೆ ಲೇಹ್ ಪೇಟೆಯ ಪ್ರಾರ್ಥನಾ ಪತಾಕೆ, ಪಕ್ಕದಲ್ಲಿ ಖಾಲಿ ಪೆಟ್ರೋಲ್ ಕ್ಯಾನು, ಹೆಲ್ಮೆಟ್ ಮೇಲೊಂದು ಕ್ಯಾಮೆರಾ. ಪೆಟ್ಟಿಗೆಯ ಮೇಲೆ 'ಖರ್ದುಂಗ್ ಲಾ, 18,380 ಅಡಿ' ಎಂಬ ಸ್ಟಿಕ್ಕರ್. ಜಿಪಿಎಸ್ ಹಿಡಿದು ಅಳೆದವರು 17,582 ಅಂತಾರೆ. ಅನ್ನಲಿ; ಬಿಟ್ಟಿ ಬಂದ ಎಂಟುನೂರು ಅಡಿ ಬಿಟ್ಟುಕೊಡಲು ಇವನೇನು ದಡ್ಡನೇ? ಎಲ್ಲಕ್ಕಿಂತ ಮಿಗಿಲಾದ ಆಸ್ತಿ ಟ್ಯಾಂಕಿನ ಮೇಲಿನ ಧೂಳು. ಮಹಾರಾಷ್ಟ್ರದಲ್ಲಿ ಮಳೆ ಹೊಡೆದಾಗ ರೇನ್‌ಕೋಟನ್ನು ಗಾಡಿಗೆ ಹೊದಿಸಿ, ತಾನು ತೊಯ್ದು ಕಾಪಾಡಿದ ಅಪ್ಪಟ ಲಡಾಖಿ ಧೂಳು. ಹೋಗುವಾಗ ಗಾಡಿ ಟ್ಯಾಂಕ್ ಬರಿದು ಮಾಡಿಸಿಕೊಂಡು, ಗೋಣಿ ಸುತ್ತಿಸಿಕೊಂಡು ಚಂಡೀಗಢದವರೆಗೆ ರೈಲಲ್ಲಿ ಹೋದದ್ದಕ್ಕೆ ಮಾತ್ರ ಸ್ಟಿಕ್ಕರ್ ಇಲ್ಲ.

ದಾವಣಗೆರೆಯ ಹೋಟೆಲಿನಲ್ಲಿ ಹೆಲ್ಮೆಟ್ಟನ್ನು ಮೇಜಿನ ನಟ್ಟನಡುವೆ ಇಡುತ್ತಾನೆ. ಸಪ್ಲೈಯರ್ ಅದನ್ನು ಪಕ್ಕಕ್ಕೆ ಸರಿಸಿ ಕೇಳುವುದು ಒಂದೇ ಪ್ರಶ್ನೆ: "ಬೆಣ್ಣೆನಾ, ಓಪನ್ನಾ?"

ಟೋಲ್‌ನಲ್ಲಿ ಬೈಕಿಗೆ ದುಡ್ಡಿಲ್ಲ, ನಿಲ್ಲುವ ಅಗತ್ಯವೂ ಇಲ್ಲ. ಆದರೂ ನಿಧಾನಿಸುತ್ತಾನೆ. ಅಲ್ಲಿದ್ದವನು ನೊಣ ಓಡಿಸುವಂತೆ ಕೈಬೀಸಿ 'ಹೋಗ್ರೀ' ಎನ್ನುತ್ತಾನೆ.

ಹಿರಿಯೂರಿನ ಚಹಾದಂಗಡಿಯಲ್ಲಿ ಅದೃಷ್ಟ ಖುಲಾಯಿಸುತ್ತದೆ. ಅಜ್ಜನೊಬ್ಬ ಗಾಡಿಗೆ ಪೂರ್ತಿ ಒಂದು ಸುತ್ತು ಬರುತ್ತಾನೆ. ರೈಡರಣ್ಣ ಗಂಟಲು ಸರಿಮಾಡಿಕೊಳ್ಳುತ್ತಾನೆ.

"ಎಷ್ಟು ಕೊಡ್ತೈತಪ್ಪ?"

"ಮೂವತ್ತು. ಆದ್ರೆ ಅಜ್ಜ, ಲಡಾಖ್‌ನಲ್ಲಿ ಗಾಳಿ ತೆಳು ನೋಡಿ, ಅಲ್ಲಿ ಇಂಜಿನ್ನು..."

"ಬರೀ ಮೂವತ್ತಾ? ನಮ್ ಎಕ್ಸೆಲ್ ಅರವತ್ತು ಕೊಡ್ತೈತೆ," ಎಂದು ಅಜ್ಜ ಮರುಗಿ, ಎರಡು ಮೂಟೆ ಈರುಳ್ಳಿ ಹೇರಿದ ತನ್ನ ಗಾಡಿ ಹತ್ತಿ ಹೊರಟೇಬಿಡುತ್ತಾನೆ.

ನೆಲಮಂಗಲದ ಹತ್ತಿರ ಸ್ಕೂಟರಿನವನೊಬ್ಬ ಹಾರ್ನ್ ಹೊಡೆಯುತ್ತಾ ಬೆನ್ನಟ್ಟಿ ಬರುತ್ತಾನೆ. ಅಭಿಮಾನಿ ಇರಬೇಕೆಂದು ರೈಡರಣ್ಣ ಗ್ಲಾಸ್ ಮೇಲೆತ್ತುತ್ತಾನೆ. "ಸಾರ್, ಮುಂದುಗಡೆ ಅದೇನೋ ಬಟ್ಟೆ ನೇತಾಡ್ತಿದೆ, ಚಕ್ರಕ್ಕೆ ಸಿಕ್ಕೀತು!"

ರಾತ್ರಿ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹೊಸ ವಾಚ್‌ಮನ್ ಪೆಟ್ಟಿಗೆಗಳನ್ನು ನೋಡಿ ರಿಜಿಸ್ಟರ್ ಮುಂದೊಡ್ಡುತ್ತಾನೆ: "ಡೆಲಿವರಿ ಯಾವ ಫ್ಲ್ಯಾಟಿಗೆ?"

ಬೆಳಿಗ್ಗೆ ಕೆಳಗಿಳಿದು ನೋಡಿದರೆ ಗಾಡಿ ಪಳಪಳ. ತಿಂಗಳ ಲೆಕ್ಕಕ್ಕೆ ಕಾರು ತೊಳೆಯುವ ಹುಡುಗ ಪಕ್ಕದಲ್ಲೇ ಬಟ್ಟೆ ಹಿಂಡುತ್ತಾ ನಿಂತಿದ್ದಾನೆ.

"ನಾಲ್ಕು ಬಕೆಟ್ ನೀರು ಹಿಡೀತು ಸಾರ್. ಅಬ್ಬಾ, ಅದೆಂಥಾ ಧೂಳು! ಎಲ್ಲಿಂದ ಬಂದ್ರಿ?"